ಗೋಡೆಯ ಮೇಲಿನ ಆರನೆಯ ನೆರಳು

ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ನಾಲೆಗೆ ನೀರು ಬಿಟ್ಟಿದ್ದರಿಂದ ಮಲವಗೊಪ್ಪ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬೇಸಿಗೆ ಭತ್ತದ ನಾಟಿ ನಡೆದಿತ್ತು. ಸೀರೆ ಎತ್ತಿ ಕಟ್ಟಿದ ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಹೆಜ್ಜೆ ಹಾಕುತ್ತ ಹೋಗುತ್ತಿದ್ದರು. ಅವರು ಬಿಟ್ಟುಹೋದ ಜಾಗದಲ್ಲಿ ನೀರು ಹಸುರಾಗುತ್ತ ಬರುತ್ತಿತ್ತು. ಬಸ್ಸಿನ ಕಿಟಕಿಗೆ ಹಣೆ ಆನಿಸಿದ್ದ ದುರ್ಗಮ್ಮನಿಗೆ ಕುಂಸಿಯ ತವರಿನ ಗದ್ದೆಯ ಕೆಸರು ಕಾಲಬೆರಳ ಸಂದಿನಲ್ಲಿ ತಣ್ಣಗೆ ಹತ್ತಿದ ಹಾಗಾಯಿತು. ತುಟಿ ಮಾತ್ರ ಬೇರೆಯದನ್ನೇ ಹೇಳಿಕೊಳ್ಳುತ್ತಿತ್ತು.

"ಹ್ಯಾಮರ್. ಚಿಸಲ್. ಪ್ಲೈಯರ್. ಫೈಲ್."

"ಏನಮ್ಮ, ಮಂತ್ರ ಹೇಳ್ತಾ ಇದೀರಾ? ಟಿಕೆಟ್ ತಗಳಿ ಮೊದ್ಲು" ಎಂದ ಕಂಡಕ್ಟರ್.

ದುರ್ಗಮ್ಮ ರಾಗಿಗುಡ್ಡದ ತಪ್ಪಲಿನ ಮನೆಯಿಂದ ಹೊರಟು ಭದ್ರಾವತಿಯ ಅಂಚಿನ ವರ್ಕ್‌ಶಾಪಿಗೆ ಹೋಗಿಬರತೊಡಗಿ ಒಂದು ತಿಂಗಳಾಗಿತ್ತು. ಅಲ್ಲಿ ಹದಿನೆಂಟು ವರ್ಷ ದುಡಿದವನು ಅವಳ ಗಂಡ ಕರಿಯಣ್ಣ. ಹಿಂದಿನ ದೀಪಾವಳಿಯಲ್ಲಿ ಮೊಪೆಡ್ಡಿನಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡ. ಮೂಳೆ ಕೂಡಿದರೂ ಬೆರಳು ಮಡಚಲಿಲ್ಲ. ಮುಷ್ಟಿ ಹಿಡಿಯದ ಫಿಟ್ಟರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೂ ಆಫೀಸಿನವರು ಕರುಣೆಯಿಟ್ಟು, ಅವನ ಬದಲಿಗೆ ಹೆಂಡತಿ ಟೂಲ್ ರೂಮಿನ ಕಿಟಕಿಯಲ್ಲಿ ಕೂರಲಿ ಎಂದರು. ಅದೂ ಮಾರ್ಚ್ ಮೂವತ್ತೊಂದರ ತನಕ. ಅವತ್ತು ಸ್ಟಾಕ್ ನೋಡಲು ಬರುವ ಸಾಹೇಬರು ಪಟ್ಟಿಯಲ್ಲಿರುವ ಒಂದೊಂದು ಸಾಮಾನಿನ ಹೆಸರನ್ನೂ ಕೇಳುತ್ತಾರೆ. ಗೊತ್ತಿದ್ದರೆ ಕೆಲಸ ಖಾಯಂ, ಇಲ್ಲವಾದರೆ ಇಲ್ಲ. ಪಟ್ಟಿ ಪೂರಾ ಇಂಗ್ಲಿಷಿನಲ್ಲಿತ್ತು. ದುರ್ಗಮ್ಮ ಓದಿದ್ದು ಏಳನೆಯ ಕ್ಲಾಸು.

ಟೂಲ್ ರೂಮು ಉದ್ದನೆಯ ಅರೆಗತ್ತಲ ಕೋಣೆ. ಅದರ ಒಂದು ಗೋಡೆಯ ತುಂಬ ಹಲಗೆ ಹೊಡೆದು, ಪ್ರತಿ ಸಾಮಾನಿನ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸುತ್ತಿಗೆ ತೆಗೆದರೆ ಗೋಡೆಯಲ್ಲಿ ಸುತ್ತಿಗೆಯ ನೆರಳು ಉಳಿಯುತ್ತಿತ್ತು. ಸಾಮಾನು ಒಯ್ಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಗಳಲ್ಲೊಂದನ್ನು ಕೊಡಬೇಕು. ಆ ಬಿಲ್ಲೆ ನೆರಳಿನ ಮೇಲಿನ ಮೊಳೆಗೆ ಹೋಗುತ್ತದೆ. ಸಾಮಾನು ತಿರುಗಿ ಬಂದರೆ ಬಿಲ್ಲೆಯೂ ತಿರುಗಿ ಹೋಗುತ್ತದೆ. ಇಪ್ಪತ್ತಾರು ವರ್ಷ ಈ ಕಿಟಕಿಯಲ್ಲಿ ಕೂತಿದ್ದ ವೆಂಕಟಾಚಲ ಇದೇ ಮಾರ್ಚಿಗೆ ನಿವೃತ್ತರಾಗುವವರು. ಮನೆಮಾತು ತಮಿಳು, ಕನ್ನಡವನ್ನು ಮೆಲ್ಲಗೆ, ಒಂದೊಂದೇ ಪದವನ್ನು ಒರೆಸಿ ಇಟ್ಟ ಹಾಗೆ ಆಡುತ್ತಿದ್ದರು.

ಹೊರಗಡೆ ಮಿಷನ್ನುಗಳ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಆಳುಗಳು ಬಾಯಿಬಿಡುತ್ತಲೇ ಇರಲಿಲ್ಲ. ಬಿಲ್ಲೆ ನೀಡಿ ಕೈ ಆಡಿಸುತ್ತಿದ್ದರು. ಮುಂಗೈ ತಿರುವಿದರೆ ಸ್ಕ್ರೂಡ್ರೈವರ್. ಎರಡು ಬೆರಳು ಕಚ್ಚಿದರೆ ಪ್ಲೈಯರ್. ಅಂಗೈಯನ್ನು ತೋಳಿಗೆ ಉಜ್ಜಿದರೆ ಫೈಲ್, ಅಂದರೆ ಅರ. ಫಿಟ್ಟರ್ ಉಜ್ಜನಪ್ಪ ಮೊದಲ ದಿನ ಬಂದು ತೋಳು ಉಜ್ಜಿದಾಗ ದುರ್ಗಮ್ಮ ಮೈಗೆ ಹಚ್ಚುವ ಎಣ್ಣೆ ಬೇಕೇನೋ ಎಂದು ಸುತ್ತ ನೋಡಿದ್ದಳು.

"ಅಕ್ಕ, ಸ್ನಾನಕ್ಕೆ ಬಂದಿಲ್ಲ ನಾನು! ಅರ ಕೊಡಿ, ಅರ" ಎಂದು ಅವನು ಕಿವಿಯ ಹತ್ತಿರ ಬಂದು ಕಿರುಚಿದ್ದ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತ ಗಂಡಸರೆಲ್ಲ ತೋಳು ಉಜ್ಜಿಕೊಂಡು ನಕ್ಕಿದ್ದರು.

ವಾರದೊಳಗೆ ಕೈಭಾಷೆ ಅವಳಿಗೆ ಬಂದಿತು. ಹೆಸರು ಮಾತ್ರ ಬರಲಿಲ್ಲ.

"ಕೈಮಾತು ಆಳುಗಳಿಗೆ ಸಾಕು" ಎನ್ನುತ್ತಿದ್ದರು ವೆಂಕಟಾಚಲ. "ಸಾಹೇಬರು ಕೈ ನೋಡಲ್ಲಮ್ಮ. ಹೆಸರು ಕೇಳ್ತಾರೆ. ಇದೇನು ಹೇಳು."

ಅವರು ತೆಳ್ಳನೆಯ ಉಕ್ಕಿನ ಎಲೆಗಳ ಗೊಂಚಲೊಂದನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದರು.

"ವೀಳ್ಯದೆಲೆ ಕಟ್ಟು" ಎಂದುಬಿಟ್ಟಳು.

"ಅಯ್ಯೋ ಕಡವುಳೇ. ಫೀಲರ್ ಗೇಜ್. ಸಂದಿ ಅಳೆಯೋದು."

"ಫೀಲರ್ ಗೇಜ್. ನೋಡಕ್ಕೆ ಎಲೆ ಕಟ್ಟಿನ ತರಾನೇ ಇದೆ ಸಾರ್."

"ಇರ್ಲಿ. ಮನಸ್ಸಲ್ಲಿ ಎಲೆ ಇಟ್ಕೋ, ಬಾಯಲ್ಲಿ ಗೇಜ್ ಇಟ್ಕೋ."

ಅದು ಅವಳಿಗೆ ದಾರಿಯಾಯಿತು. ದಪ್ಪ ಅಳೆಯುವ ಕ್ಯಾಲಿಪರ್ ಗದ್ದೆಯ ಬದುವಿನಲ್ಲಿ ಕೂತ ಏಡಿ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಕುಡುಗೋಲಿನ ನೆಂಟ. ಮಟ್ಟ ನೋಡುವ ಸ್ಪಿರಿಟ್ ಲೆವೆಲ್ಲಿನ ಗಾಜಿನೊಳಗಿನ ಗುಳ್ಳೆ ನಾಲೆಯ ನೀರಿನಲ್ಲಿ ಮೀನು ಬಿಟ್ಟ ಉಸಿರು. ಮಧ್ಯಾಹ್ನ ಎರಡರ ಹೊತ್ತಿಗೆ, ಊಟದ ಮೇಲಿನ ಬಿಸಿಲು ತಗಡಿನ ಮೇಲೆ ಕೂತು ಮಿಷನ್ನುಗಳ ಸದ್ದೆಲ್ಲ ಒಂದೇ ಗುಂಯ್ ಎನ್ನುವ ನಾದವಾದಾಗ, ದುರ್ಗಮ್ಮ ಕಣ್ಣು ತೆರೆದೇ ಇನ್ನೆಲ್ಲಿಗೋ ಹೋಗಿರುತ್ತಿದ್ದಳು. ಗೋಡೆಯ ಮೇಲಿನ ಏಡಿಗಳು ಇಳಿದು ನೀರಿಗೆ ಹೋಗುತ್ತಿದ್ದವು. ಕುಡುಗೋಲಿನ ನೆಂಟರು ಭತ್ತದ ಸಾಲಿನಲ್ಲಿ ನಡೆಯುತ್ತಿದ್ದರು. ಪ್ರತಿಯೊಂದೂ ಹೋಗುವ ಮುಂಚೆ ತನ್ನ ಇಂಗ್ಲಿಷ್ ಹೆಸರನ್ನು ಮೆಲ್ಲಗೆ ಹೇಳಿ ಹೋಗುತ್ತಿತ್ತು. ಕಿಟಕಿಯ ಹಲಗೆಯ ಮೇಲೆ ಬಿಲ್ಲೆ ಟಣ್ ಎಂದಾಗ ಎಲ್ಲವೂ ಓಡಿಬಂದು ಮೊಳೆಗೆ ನೇತುಬೀಳುತ್ತಿದ್ದವು.

ಒಂದು ಮಾತ್ರ ಬರುತ್ತಿರಲಿಲ್ಲ. ಎಡಮೂಲೆಯಲ್ಲಿ ಐದು ಪೈಪ್ ರೆಂಚುಗಳು ಸಾಲಾಗಿದ್ದವು, ನಲ್ಲಿಯ ಕೊಳವೆ ಹಿಡಿದು ತಿರುಗಿಸುವ ಹದಿನಾಲ್ಕು ಇಂಚಿನವು. ಆರನೆಯ ಜಾಗದಲ್ಲಿ ಬರೀ ನೆರಳು. ಬಾಯಿ ಅರ್ಧ ತೆರೆದು ತಲೆ ಬಾಗಿಸಿ ನಿಂತ ಕೊಕ್ಕರೆಯಂಥ ನೆರಳು. ಅದರ ಮೇಲಿನ ಬಿಲ್ಲೆ ಹಸುರುಗಟ್ಟಿತ್ತು. ಅವಳು ಸೆರಗಿನಿಂದ ಒರೆಸಿ ನೋಡಿದಳು. ಎಪ್ಪತ್ತೊಂದು.

"ಸಾರ್, ಇದು ನಮ್ಮನೆಯವರ ನಂಬರು."

ವೆಂಕಟಾಚಲ ಲೆಡ್ಜರಿನಿಂದ ತಲೆಯೆತ್ತಲಿಲ್ಲ. "ಹೌದು. ಆರು ವರ್ಷ ಆಯ್ತು. ಬಿಲ್ಲೆ ಇದ್ದರೆ ಸಾಮಾನು ಕೆಲಸದಲ್ಲಿದೆ ಅಂತ ಲೆಕ್ಕ. ಪ್ರತಿ ಸಲ ಹಂಗೇ ಬರೆದೆ. ಈ ಸಲ ಆಗಲ್ಲ. ಕಿಟಕಿ ಕೈ ಬದಲಾಗ್ತದಲ್ಲ, ಬಿಲ್ಲೆಯೆಲ್ಲ ಇಳಿಸಿ ಸಾಮಾನೇ ತೋರಿಸ್ಬೇಕು."

"ಸಿಗದಿದ್ರೆ?"

"ಎಲ್ಲ ಸರಿ ಇದೆ ಅಂತ ತಗೊಳ್ಳೋಳು ನೀನು ರುಜು ಹಾಕ್ಬೇಕು. ಇಲ್ಲದಿದ್ದಕ್ಕೆ ಹೆಂಗೆ ಹಾಕ್ತೀ?"

ಅವಳು ಮನೆಗೆ ಬಂದು ಕೇಳಿದಳು. ಕರಿಯಣ್ಣ ಎಡಗೈಯಲ್ಲಿ ರೊಟ್ಟಿ ತಟ್ಟುತ್ತಿದ್ದ. ಅವು ಯಾವತ್ತೂ ದುಂಡಗಾಗುತ್ತಿರಲಿಲ್ಲ.

"ರೀ, ಪೈಪ್ ರೆಂಚು ಏನು ಮಾಡಿದ್ರಿ?"

"ಅದ್ಯಾವುದೇ ಅದು?" ಎಂದ. ಹದಿನೆಂಟು ವರ್ಷ ಕೈಯಲ್ಲೇ ಕೇಳಿ ಪಡೆದವನಿಗೆ ಅದರ ಹೆಸರು ನಿಜಕ್ಕೂ ಗೊತ್ತಿರಲಿಲ್ಲ. ಅವಳು ಒಂದು ಮುಷ್ಟಿ ಕಟ್ಟಿ, ಇನ್ನೊಂದು ಕೈಯನ್ನು ಅದರ ಸುತ್ತ ತಿರುಗಿಸಿ ತೋರಿಸಿದಳು. ಅವನು ರೊಟ್ಟಿ ಮಗುಚಿದ.

"ನೆಪ್ಪಿಲ್ಲ ಮಾರಾಯ್ತಿ" ಎಂದ, ಹೆಂಚಿನ ಕಡೆಗೇ ನೋಡುತ್ತ.

ಶಿವರಾತ್ರಿ ಕಳೆಯಿತು. ಬಸ್ಸಿನ ಕಿಟಕಿಯಾಚೆ ನಾಟಿ ಬೇರುಹಿಡಿದು ನೀರು ಕಾಣದಂತಾಯಿತು. ಯುಗಾದಿಯೂ ದಾಟಿದ ಮೇಲಿನ ಭಾನುವಾರ ಸಂಜೆ ದುರ್ಗಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತು, ಕಣ್ಣುಮುಚ್ಚಿ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಹೇಳಿಕೊಳ್ಳುತ್ತಿದ್ದಳು. ಗುಡ್ಡದ ಮೇಲಿನಿಂದ ಬೀಸುವ ಗಾಳಿಗೆ ಅವರ ಮನೆ ಬಾಗಿಲು ಬಡಿದುಕೊಳ್ಳುವುದಿಲ್ಲ. ಚೌಕಟ್ಟಿನ ಮೇಲೊಂದು ಸಣ್ಣ ರಾಟೆ, ರಾಟೆಗೆ ಹಗ್ಗ, ಹಗ್ಗದ ತುದಿಗೆ ಒಂದು ಭಾರ. ಬಾಗಿಲು ತೆರೆದರೆ ಭಾರ ಮೇಲೇರುತ್ತದೆ. ಬಿಟ್ಟರೆ ಇಳಿಯುತ್ತ ಬಾಗಿಲನ್ನು ತಾನೇ ಮೆಲ್ಲಗೆ ಮುಚ್ಚುತ್ತದೆ. ಬಾಗಿಲಿಗೆ ನೀಲಿ ಬಣ್ಣ ಹೊಡೆದಾಗ ಭಾರಕ್ಕೂ ಹೊಡೆದಿದ್ದರು, ಎರಡು ಕೋಟು. ಕೇರಿಯ ಮಕ್ಕಳು ಅದನ್ನು ಎಳೆದಾಡಲೆಂದೇ ಮನೆಗೆ ಬರುತ್ತಿದ್ದರು.

ಕರಿಯಣ್ಣ ನೀರಿನ ಕೊಡ ಹೊತ್ತು ಭುಜದಿಂದ ಬಾಗಿಲು ತಳ್ಳಿ ಒಳಗೆ ಬಂದ. ಪಡುವಣ ಕಿಟಕಿಯಿಂದ ಹಳದಿ ಬಿಸಿಲು ಉದ್ದಕ್ಕೆ ಚಾಚಿತ್ತು. ದುರ್ಗಮ್ಮ ಕಣ್ಣು ತೆರೆದಳು. ಸುಣ್ಣದ ಗೋಡೆಯ ಮೇಲೆ ಕೊಕ್ಕರೆಯೊಂದು ಬಾಯಿ ಅರ್ಧ ತೆರೆದು, ತಲೆ ಬಾಗಿಸಿ, ಮೆಲ್ಲಗೆ ಮೇಲಕ್ಕೇರಿತು. ಒಂದು ಗಳಿಗೆ ನಿಂತಿತು. ಆಮೇಲೆ ಹಾಗೆಯೇ ಇಳಿಯಿತು.

ಆರು ವರ್ಷ ಅವಳು ಅದನ್ನು ಬಾಗಿಲ ಗುಂಡು ಎಂದೇ ಕರೆದಿದ್ದಳು. ಹಬ್ಬಕ್ಕೊಮ್ಮೆ ಒರೆಸಿದ್ದಳು. ನೀಲಿ ಬಣ್ಣ ಅದರ ಮೈಯನ್ನೆಲ್ಲ ಮುಚ್ಚಿತ್ತು. ನೆರಳಿಗೆ ಬಣ್ಣ ಹೊಡೆಯಲಾಗಿರಲಿಲ್ಲ.

"ಇದೇ" ಎಂದಳು.

ಕರಿಯಣ್ಣ ಕೊಡ ಇಳಿಸಲಿಲ್ಲ. "ಹೂಂ" ಎಂದ. "ಕೇರಿ ನಲ್ಲಿ ಒಡೆದಿತ್ತಲ್ಲ, ಅದಕ್ಕಂತ ಶನಿವಾರ ತಂದೆ. ಎಲ್ರೂ ತರ್ತಿದ್ರು, ಸೋಮವಾರ ಕೊಡ್ತಿದ್ರು. ಆ ಭಾನುವಾರ ಗಾಳಿಗೆ ಬಾಗಿಲು ಬಡಿದು ನಿನ್ ಬೆರಳು ಸಿಕ್ಕಿಬಿತ್ತು. ಒಂದಿನಕ್ಕೆ ಅಂತ ಕಟ್ಟಿದೆ. ಮೊದಲ ವಾರ ಮರೆತೆ. ಎರಡನೇ ವಾರ ನಾಚಿಕೆ ಆಯ್ತು. ಆಮೇಲೆ ಬಣ್ಣ ಹೊಡೆದ್ವಿ. ಅದು ಬಾಗಿಲಿಂದೇ ಆಗೋಯ್ತು."

"ಕೇಳ್ದಾಗ ಹೇಳ್ಬಾರ್ದಿತ್ತಾ?"

"ಕಳ್ಳನ ಹೆಂಡ್ತಿ ಅಂತ ಕಿಟಕೀಲಿ ಕೂರ್ತೀಯಾ?" ಕೊಡ ಇಳಿಸಿ ಹಣೆ ಒರೆಸಿಕೊಂಡ. "ಸೀಮೆಎಣ್ಣೆ ಹಾಕಿ ಬಣ್ಣ ಕೆರೆಯಣ. ನೀನೇ ಮೊದ್ಲು ಹೋಗೋದಲ್ವಾ, ಸುಮ್ನೆ ತಗುಲಿಸಿ ಬಿಲ್ಲೆ ತಗಂಡ್ಬಿಡು. ಯಾರಿಗೆ ಗೊತ್ತಾಗ್ತದೆ?"

ಇಬ್ಬರೂ ಕೂತು ಕೆರೆದರು. ಎರಡು ಕೋಟು ಬಣ್ಣ ಚಕ್ಕೆಚಕ್ಕೆಯಾಗಿ ಎದ್ದು ಅವಳ ಮಡಿಲಿಗೆ ಬಿತ್ತು. ಆದರೆ ಬಾಯಿಯ ಹಲ್ಲುಗಳ ಸಂದಿಯಲ್ಲಿ ಇಳಿದದ್ದು ಬರಲಿಲ್ಲ. ಹಿಡಿಯ ಮೇಲೆ ಅರ್ಧ ಬಂದು ಅರ್ಧ ಉಳಿದು, ರೋಗ ಹಿಡಿದ ದನದ ಮೈಯಂತೆ ಕಾಣಿಸಿತು. ದುರ್ಗಮ್ಮ ಚೂರಿ ಕೆಳಗಿಟ್ಟಳು.

"ಹಿಂಗೆ ಕೆರೆದಿದ್ದೇ ಕಳ್ಳತನದ ಹಂಗೆ ಕಾಣ್ತದೆ. ನೀಲಿ ಡಬ್ಬಿ ಇನ್ನೂ ಇದೆಯೇನ್ರೀ?"

"ಯಾಕೆ?"

"ಇದ್ದ ಹಂಗೇ ಕೊಡ್ತೀನಿ."

ಡಬ್ಬಿಯ ತಳದಲ್ಲಿ ಕೆನೆಗಟ್ಟಿದ್ದ ಬಣ್ಣವನ್ನು ಕಡ್ಡಿಯಿಂದ ಕದಡಿ, ಕೆರೆದ ಜಾಗಕ್ಕೆಲ್ಲ ಅವನೇ ಎಡಗೈಯಿಂದ ಹಚ್ಚಿದ.

ಮೂವತ್ತೊಂದನೆಯ ತಾರೀಕು ದುರ್ಗಮ್ಮ ಎಲ್ಲರಿಗಿಂತ ಮುಂಚೆ ಟೂಲ್ ರೂಮು ಸೇರಿದಳು. ಚೀಲದಿಂದ ತೆಗೆದದ್ದನ್ನು ಆರನೆಯ ನೆರಳಿನ ಮೇಲೆ ತೂಗುಹಾಕಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಅದು ತನ್ನ ನೆರಳಿನೊಳಗೆ ಹೋಗಿ ಮಲಗಿತು. ಬಿಲ್ಲೆಯನ್ನು ಅವಳು ಮುಟ್ಟಲಿಲ್ಲ. ಆಮೇಲೆ ಬಂದ ವೆಂಕಟಾಚಲ ಐದು ಕಪ್ಪು ರೆಂಚುಗಳ ಪಕ್ಕದ ಒಂದು ನೀಲಿಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು. ಲೆಡ್ಜರ್ ತೆರೆದು ಕೂತರು.

ಸಾಹೇಬ ಪ್ರಸನ್ನಕುಮಾರ್ ಹತ್ತೂವರೆಗೆ ಬಂದರು. ಬಿಳಿ ಅಂಗಿಯ ತರುಣ. ಸೀನು ಬಂದಾಗ ಕ್ಷಮಿಸಿ ಎನ್ನುವವರು. ಬೆರಳು ತೋರಿಸುತ್ತ ಹೋದರು. ದುರ್ಗಮ್ಮ ಹೇಳುತ್ತ ಹೋದಳು. ಬಾಯಿ ತೆರೆಯುವ ಮುನ್ನ ಅವಳ ಕೈಯೇ ಮೊದಲು ಆಡುತ್ತಿತ್ತು; ಕ್ಯಾಲಿಪರಿಗೆ ಬೆರಳುಗಳು ಏಡಿಯಾದವು. ಒಂದು ಸಾಮಾನಿನ ಮುಂದೆ ಹೆಸರು ಬಾರದೆ ನಿಂತಳು. ಬಗ್ಗಿದ ಬೆರಳಿನಂಥ ಕಡ್ಡಿ. ಗದ್ದೆ, ನಾಲೆ, ಬದು ಎಲ್ಲ ಹುಡುಕಿದಳು. ಸಿಗಲಿಲ್ಲ.

"ಮುಂದಿಂದು ಹೇಳಿ, ಇದು ಆಮೇಲೆ" ಎಂದರು ಸಾಹೇಬರು. ನಾಲ್ಕು ಸಾಮಾನು ದಾಟಿದ ಮೇಲೆ ಅದು ತಾನಾಗಿ ಬಂತು. "ಅಲೆನ್ ಕೀ!" ಎಂದು ಕೂಗಿಯೇಬಿಟ್ಟಳು. ಕಿಟಕಿಯಾಚೆ ಇಣುಕುತ್ತಿದ್ದ ಉಜ್ಜನಪ್ಪ ತೋಳು ಉಜ್ಜಿಕೊಂಡು ಹಲ್ಲು ಕಿರಿದ.

ಎಡಮೂಲೆಗೆ ಬಂದರು. "ಪೈಪ್ ರೆಂಚ್, ಹದಿನಾಲ್ಕು ಇಂಚು, ಆರು" ಎಂದಳು ಕೇಳುವ ಮುಂಚೆಯೇ.

"ಇದ್ಯಾಕೆ ನೀಲಿ?"

"ಬಾಗಿಲಿಗೆ ನೀಲಿ ಹೊಡೆದಿದ್ವಿ ಸಾರ್."

ಅವರಿಗೆ ಅರ್ಥವಾಗಲಿಲ್ಲ. ದುರ್ಗಮ್ಮ ಗೋಡೆಯನ್ನೇ ನೋಡುತ್ತ ಎಲ್ಲವನ್ನೂ ಹೇಳಿದಳು: ಎಲ್ಲರೂ ಒಯ್ಯುವ ಶನಿವಾರ, ನಲ್ಲಿ, ಗಾಳಿ, ಬೆರಳು, ರಾಟೆ, ಆರು ವರ್ಷ. ಗಂಡನ ನಂಬರನ್ನೂ ಹೇಳಿದಳು. ಹೇಳುತ್ತಿದ್ದಂತೆ ಮಿಷನ್ನುಗಳ ಸದ್ದು ಎಲ್ಲೋ ದೂರದ ಹೊಳೆಯ ಸದ್ದಾಯಿತು.

"ಬಿಲ್ಲೆ ನೋಡಿ ಇದೆ ಅಂತ ಬರೆದೋನು ನಾನು" ಎಂದರು ವೆಂಕಟಾಚಲ. "ಆರು ಸಲ ಬರೆದೆ ಸಾರ್. ಒಂದು ಸಲಾನೂ ಕೇಳಲಿಲ್ಲ. ಕೇಳಿದ್ರೆ ಅವನು ಮಾರನೇ ದಿನ ತರ್ತಿದ್ದ."

ಪ್ರಸನ್ನಕುಮಾರ್ ರೆಂಚನ್ನು ಇಳಿಸಿ ಅದರ ಉರುಟು ತಿರುಪನ್ನು ಹೆಬ್ಬೆರಳಿನಿಂದ ಒತ್ತಿದರು. ಜಗ್ಗಲಿಲ್ಲ. ಇನ್ನೊಮ್ಮೆ ಒತ್ತಿದಾಗ ಬಣ್ಣ ಟಪ್ಪೆಂದು ಬಿರಿದು ಬಾಯಿ ಮೆಲ್ಲಗೆ ತೆರೆಯಿತು. ಅವರ ಹೆಬ್ಬೆರಳು ನೀಲಿಯಾಯಿತು. ಮುಚ್ಚಿದರು, ತೆರೆದರು.

"ಓಡ್ತದೆ" ಎಂದು ಪಟ್ಟಿಯಲ್ಲಿ ಆರು ಎಂದು ಬರೆದರು. ಆಮೇಲೆ ಪೆನ್ನನ್ನು ಅವಳ ಕಡೆ ನೀಡಿದರು. "ಷರಾ ಕಾಲಮ್ಮಲ್ಲಿ ನೀವೇ ಬರೀರಿ. ಎಪ್ಪತ್ತೊಂದನೇ ನಂಬರಿನವರು ತಡವಾಗಿ ಹಿಂತಿರುಗಿಸಿದ್ದಾರೆ ಅಂತ. ಕನ್ನಡದಲ್ಲೇ ಬರೀರಿ. ಕೆಳಗೆ ರುಜು ಹಾಕಿ, ತಗೊಂಡೋರು ಅನ್ನೋ ಕಡೆ. ನಾಳೆಯಿಂದ ಈ ಕಿಟಕಿ ನಿಮ್ಮ ಹೆಸರಲ್ಲೇ. ಶನಿವಾರ ಸಾಮಾನು ಮನೆಗೆ ಒಯ್ಯೋದನ್ನ ಮಾತ್ರ ನಿಲ್ಲಿಸಬೇಕು."

ಗಂಡನ ತಪ್ಪನ್ನು ತನ್ನ ಅಕ್ಷರದಲ್ಲಿ ಒತ್ತಿ ಒತ್ತಿ ಬರೆದಳು. ರುಜು ಹಾಕಿದಳು.

ಹೊರಡುವಾಗ ವೆಂಕಟಾಚಲ ಮೊಳೆಯಿಂದ ಬಿಲ್ಲೆ ತೆಗೆದು ಅವಳ ಅಂಗೈಯಲ್ಲಿಟ್ಟರು. "ಕರಿಯಣ್ಣಂಗೆ ಕೊಡಮ್ಮ. ಸಾಲ ತೀರಿತು ಅಂತ ಹೇಳು. ನಂದೂ ತೀರಿತು."

ರಾಗಿಗುಡ್ಡ ತಲುಪಿದಾಗ ಬಿಸಿಲು ಇನ್ನೂ ಇತ್ತು. ಬಾಗಿಲು ಗಾಳಿಗೆ ತೆರೆದು ಮುಚ್ಚಿ ದಬದಬ ಎನ್ನುತ್ತಿತ್ತು. ಖಾಲಿ ಹಗ್ಗ ತೂಗಾಡುತ್ತಿತ್ತು. ಕರಿಯಣ್ಣ ಬಿಲ್ಲೆಯನ್ನು ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಅವಳು ಬರೆದುಬಂದದ್ದನ್ನು ಅಕ್ಷರ ಬಿಡದೆ ಹೇಳಿದಳು. ಅವನು ತಲೆಯಾಡಿಸಿದ.

"ಅದರ ಹೆಸರೇನಂದೆ?"

"ಪೈಪ್ ರೆಂಚು."

"ಪೈಪ್ ರೆಂಚು" ಎಂದು ಅವನು ಮೊದಲ ಸಲ ಬಾಯಲ್ಲಿ ಹೇಳಿದ. ಅದು ಸಾಲದೆನಿಸಿತೇನೋ, ಕೈಯಲ್ಲಿ ಹೇಳಲು ಹೋದ. ಬಲಗೈ ಮುಷ್ಟಿಯಾಗಲಿಲ್ಲ. ದುರ್ಗಮ್ಮ ತನ್ನ ಮುಷ್ಟಿಯನ್ನು ಅವನ ಮುಂದೆ ಹಿಡಿದಳು. ಕರಿಯಣ್ಣ ಎಡಗೈಯಿಂದ ಅದನ್ನು ಹಿಡಿದು, ಸುಣ್ಣದ ಗೋಡೆಯ ಮೇಲೆ ಇಬ್ಬರ ನೆರಳೂ ಬೀಳುವ ಹಾಗೆ, ಮೆಲ್ಲಗೆ ತಿರುಗಿಸಿದ.