ಒಪ್ಪಿಗೆಗೂ ಕಾರಣ ಕೇಳುವ ಡಾಕ್ಟರು

ಒಪ್ಪಿಕೊಳ್ಳುವುದಕ್ಕೆ ಈ ಡಾಕ್ಟರಷ್ಟು ಹೊತ್ತು ತೆಗೆದುಕೊಳ್ಳುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇಲ್ಲ ಎನ್ನುವುದು ಅವರಿಗೆ ಸಲೀಸು. ತಲೆಯನ್ನು ಒಮ್ಮೆ ಅತ್ತಿತ್ತ ಆಡಿಸಿದರೆ ಮುಗಿಯಿತು. ಹೌದು ಎನ್ನಬೇಕಾದಾಗ ಮಾತ್ರ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಯಾರೂ ಕೇಳದ ಕಾರಣವೊಂದನ್ನು ಎದುರಿಗಿದ್ದವರ ಮುಂದೆ ಇಡುತ್ತಿದ್ದರು. ಆಸ್ಪತ್ರೆಯ ಕ್ಯಾಂಟೀನಿನವನು "ಟೀ ಕೊಡ್ಲಾ ಡಾಕ್ಟ್ರೇ?" ಎಂದರೆ, "ಕೊಡಿ. ಬೆಳಗ್ಗೆಯಿಂದ ಒಂದೇ ಆಗಿದೆ, ಮುಂದಿನ ಆಪರೇಷನ್‌ಗೆ ಇನ್ನೂ ಎರಡು ಗಂಟೆ ಇದೆ" ಎನ್ನುತ್ತಿದ್ದರು, ಅಷ್ಟರಲ್ಲಿ ಅವನು ಇನ್ನಿಬ್ಬರಿಗೆ ಟೀ ಕೊಟ್ಟು ಬಂದಿರುತ್ತಿದ್ದ. ಅವರ ಹೆಂಡತಿ ಒಮ್ಮೆ ನನ್ನೆದುರೇ ನಗುತ್ತಾ ಹೇಳಿದರು: "ನನ್ನ ಮದುವೆ ಆಗೋಕೆ ಒಪ್ಪಿದಾಗ ಮೂರು ಕಾರಣ ಕೊಟ್ರು. ಮೂರೂ ತಪ್ಪು ಅಂತ ಆಮೇಲೆ ಗೊತ್ತಾಯ್ತು. ಆದ್ರೂ ಯೋಚನೆ ಮಾಡಿ ಒಪ್ಪಿದ್ರಲ್ಲ, ಅದು ನನಗೆ ಹಿಡಿಸ್ತು."

ನರಗಳ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಮಾಡಿದವರು. ಆಳು ಕುಳ್ಳ, ನಡಿಗೆ ಚುರುಕು. ಆದರೆ ನಡೆಯುತ್ತಾ ಕೇಳಿಸಿಕೊಳ್ಳುವುದು ಮಾತ್ರ ಅವರ ಕೈಲಾಗುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಕಾರಿಡಾರಿನ ನಟ್ಟನಡುವೆಯೇ ನಿಂತುಬಿಡುತ್ತಿದ್ದರು, ಹಿಂದೆ ಸ್ಟ್ರೆಚರ್ ತಳ್ಳಿಕೊಂಡು ಬರುತ್ತಿದ್ದವರು ಗೊಣಗುತ್ತಾ ಬಳಸಿಕೊಂಡು ಹೋಗುತ್ತಿದ್ದರು. ಬಿಳಿ ಕೋಟಿನ ಬಲಜೇಬಿನಲ್ಲಿ ಸದಾ ಒಂದು ದಪ್ಪ ನೋಟ್‌ಬುಕ್. ಅದರ ಭಾರಕ್ಕೆ ಜೇಬು ಜೋತುಬಿದ್ದು, ಕೋಟು ಒಂದು ಪಕ್ಕಕ್ಕೆ ಎಳೆದುಕೊಂಡಿರುತ್ತಿತ್ತು. ಮಾತಿಗೊಮ್ಮೆ "ಅಂದ್ರೆ?" ಎನ್ನುವುದು ಅವರ ಚಾಳಿ. ಅದರಲ್ಲಿ ವ್ಯಂಗ್ಯವಿರಲಿಲ್ಲ, ಅಪ್ಪಟ ಕುತೂಹಲವಿತ್ತು. ಆದ್ದರಿಂದಲೇ ಉತ್ತರಿಸದೆ ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಅವರ ಆಸ್ಪತ್ರೆಗೆ ಕೃತಕ ಬುದ್ಧಿಮತ್ತೆ ಬಂದು ಆಗ ಎರಡು ವರ್ಷವಾಗಿತ್ತು. ಅಲ್ಲಿನವರೆಲ್ಲ ಅದನ್ನು ಬರೀ ‘ಸಿಸ್ಟಮ್’ ಎನ್ನುತ್ತಿದ್ದರು. ರೋಗಿಯ ಸ್ಕ್ಯಾನು, ರಕ್ತಪರೀಕ್ಷೆ, ಹಳೆಯ ಕಾಗದಪತ್ರ ಎಲ್ಲವನ್ನೂ ನುಂಗಿ, ಯಾವ ಚಿಕಿತ್ಸೆ ಸೂಕ್ತ, ಅದು ಶೇಕಡ ಎಷ್ಟು ಫಲಿಸೀತು ಎಂದು ಅದು ಪರದೆಯ ಮೇಲೆ ತೋರಿಸುತ್ತಿತ್ತು. ಕೆಳಗೆ ಎರಡು ಗುಂಡಿ. ‘ಒಪ್ಪಿದೆ’ ಎಂಬುದನ್ನು ಒತ್ತಿದರೆ ಮುಂದಿನ ರೋಗಿ. ‘ಒಪ್ಪಿಲ್ಲ’ ಎಂದು ಒತ್ತಿದರೆ ಖಾಲಿ ಚೌಕವೊಂದು ತೆರೆದುಕೊಂಡು ಕಾರಣ ಕೇಳುತ್ತಿತ್ತು. ಆ ಕಾರಣ ಒಂದು ಸಮಿತಿಗೆ ಹೋಗಿ, ಸಮಿತಿಯಿಂದ ಪ್ರಶ್ನೆಗಳು ಬರುತ್ತಿದ್ದವು. ಹೊರಗೆ ಅರವತ್ತು ಜನ ಕಾಯುತ್ತಿರುವಾಗ ಯಾವ ಗುಂಡಿ ಸವೆಯುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಡಾಕ್ಟರಿಗೆ ತಕರಾರು ಇದ್ದದ್ದು ಒಪ್ಪದವರ ಚೌಕದ ಬಗ್ಗೆ ಅಲ್ಲ. ಒಪ್ಪಿದವರಿಗೆ ಯಾಕೆ ಚೌಕವಿಲ್ಲ ಎಂದು ಅವರು ಆಡಳಿತ ಮಂಡಳಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಕೊನೆಗೆ ತಾವೇ ಒಂದು ನೋಟ್‌ಬುಕ್ ತಂದರು. ಮೊದಲು ರೋಗಿ ಹೇಳಿದ್ದನ್ನು ರೋಗಿಯ ಮಾತಿನಲ್ಲೇ ಬರೆಯುವುದು, ಕೆಳಗೆ ತಮ್ಮ ಅಂದಾಜು ಬರೆಯುವುದು, ಆಮೇಲೆ ಪರದೆ ನೋಡುವುದು. ಕೊನೆಗೆ ಸಿಸ್ಟಮ್‌ನ ಮಾತನ್ನು ಒಪ್ಪಿದರೆ, ಒಪ್ಪಿದ್ದು ಯಾಕೆಂದು ಎರಡು ಸಾಲು ಬರೆಯುವುದು. ಕಿರಿಯ ವೈದ್ಯರು ಅವರಿಗೆ ‘ಯಾಕೆ ಡಾಕ್ಟ್ರು’ ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದಾಗ ಅವರು ಬೇಸರಪಟ್ಟುಕೊಳ್ಳಲಿಲ್ಲ, "ಅಂದ್ರೆ?" ಎಂದರಂತೆ.

ಇದೆಲ್ಲ ಶುರುವಾದದ್ದು ಹೇಗೆಂದು ನಾನು ಕೇಳಿದ್ದೆ. ಯಾರೋ ಸತ್ತ ಕತೆ ಬರುತ್ತದೆಂದು ಮನಸ್ಸು ಗಟ್ಟಿಮಾಡಿಕೊಂಡು ಕೂತಿದ್ದೆ. ಯಾರೂ ಸತ್ತಿರಲಿಲ್ಲ. ನಿವೃತ್ತ ಅಂಚೆಯವರೊಬ್ಬರು ಚೀಟಿ ಹಿಡಿದು, "ಈ ಮಾತ್ರೆ ಯಾಕೆ ಸಾರ್?" ಎಂದು ಕೇಳಿದರಂತೆ. ಇವರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ಸಿಸ್ಟಮ್ ಹೇಳಿತ್ತು, ಇವರು ಗುಂಡಿ ಒತ್ತಿದ್ದರು. "ಅವರಿಗೆ ಅದೇ ಮಾತ್ರೆಯಲ್ಲಿ ವಾಸಿ ಆಯ್ತು, ಗೊತ್ತಾ? ಉತ್ತರ ಸರಿಯಾಗೇ ಇತ್ತು. ಆದ್ರೆ ಅದು ನನ್ನ ಹತ್ರ ಇರಲಿಲ್ಲ" ಎಂದು ಹೇಳಿ ಅವರು ಕಿಟಕಿಯ ಕಡೆ ನೋಡಿದರು. ಗೆದ್ದದ್ದಕ್ಕೆ ನಾಚಿಕೊಂಡ ಮನುಷ್ಯನನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಪರಿಚಯ ನನಗಾದದ್ದು ಅಕ್ಕನಿಂದಾಗಿ. ಅಕ್ಕ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ ಹಾಕಿಕೊಂಡು ಮೂವತ್ತೊಂದು ವರ್ಷ ಹೊಲಿದವಳು. ಬಟ್ಟೆಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುವುದೇ ಅವಳಿಗೆ ಹೆಚ್ಚು. ಬಲಗೈ ಜೋಮು ಹಿಡಿಯತೊಡಗಿದಾಗ ಐದು ತಿಂಗಳು ಯಾರಿಗೂ ಹೇಳಲಿಲ್ಲ. ಕತ್ತಿನ ಬಳಿ ನರ ಒತ್ತಿಹೋಗಿದೆಯೆಂದು ಸ್ಕ್ಯಾನಿನಲ್ಲಿ ತಿಳಿಯಿತು. ನಾನು ಅವಳನ್ನು ಕರೆದುಕೊಂಡು ಹೋದೆ.

ಡಾಕ್ಟರು ಪರದೆಗೆ ಬೆನ್ನು ಹಾಕಿ ಕೂತು ಅವಳ ಮಾತನ್ನು ಬರೆದುಕೊಂಡರು. "ಸೂಜಿ ಹಿಡಿಯೋಕೆ ಆಗುತ್ತೆ ಡಾಕ್ಟ್ರೇ. ಕೈಯಿಂದ ಬಿದ್ರೆ ಬಿತ್ತು ಅಂತ ಗೊತ್ತಾಗಲ್ಲ, ಅಷ್ಟೇ" ಎಂದಳು ಅಕ್ಕ. ಅವರು ಪಿನ್ನಿನಿಂದ ಚುಚ್ಚಿ ನೋಡಿದರು, ಕೈ ಹಿಸುಕಿಸಿಕೊಂಡರು, ತಮ್ಮ ಅಂದಾಜು ಬರೆದರು: ವ್ಯಾಯಾಮ ಮಾಡಿಸಿ ಮೂರು ತಿಂಗಳು ಕಾಯಬಹುದು. ಆಮೇಲೆ ಪರದೆಯ ಕಡೆ ತಿರುಗಿದರು. ಆರು ವಾರದೊಳಗೆ ಶಸ್ತ್ರಚಿಕಿತ್ಸೆ, ಶೇಕಡ ಎಂಬತ್ತೇಳು ಎಂದಿತ್ತು.

ನಾನಾಗ ಪೂರ್ತಿ ಯಂತ್ರದ ಪಕ್ಷ. ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಈ ಮನುಷ್ಯ ಕನ್ನಡಕ ಒರೆಸುತ್ತಾ ಕೂತಿದ್ದಾನಲ್ಲ ಎಂದು ಮೈ ಉರಿಯಿತು. ಅವರು ನೋಟ್‌ಬುಕ್ಕಿನ ಪುಟವನ್ನು ಮತ್ತೆ ಮತ್ತೆ ಓದಿದರು. ಕೊನೆಗೆ ಅಕ್ಕನಿಗೆ ಕಣ್ಣು ಮುಚ್ಚಿ ಅಂಗೈ ಚಾಚಲು ಹೇಳಿ, ಮೇಜಿನ ಡ್ರಾಯರಿನಿಂದ ಅಂಗಿಯ ಗುಂಡಿಯೊಂದನ್ನು ತೆಗೆದು ಅವಳ ತೋರುಬೆರಳ ತುದಿಯ ಮೇಲಿಟ್ಟರು. "ಏನಿದು ಹೇಳಿ."

ಅಕ್ಕ ಕಾದಳು. "ಇನ್ನೂ ಇಟ್ಟಿಲ್ವಲ್ಲ ಡಾಕ್ಟ್ರೇ" ಎಂದಳು.

ಗುಂಡಿ ಅವಳ ಬೆರಳ ಮೇಲೇ ಇತ್ತು. ಸಾವಿರಾರು ಗುಂಡಿ ಹೊಲಿದ ಬೆರಳು ಅದು.

"ನಿಮ್ಮ ಮಾತು ಕೇಳಿಸ್ಕೊಂಡೆ, ಬರ್ಕೊಂಡೆ, ಆದ್ರೆ ಅದನ್ನ ಯೋಚನೆ ಮಾಡ್ಲಿಲ್ಲ. ಕಾಯಬಹುದು ಅಂದಿದ್ದು ನನ್ನ ತಪ್ಪು" ಎಂದರು ಡಾಕ್ಟರು, ಸ್ವಲ್ಪವೂ ಅಳುಕದೆ. ಅಕ್ಕ ತಕ್ಷಣ, "ಹಾಗಾದ್ರೆ ಆಪರೇಷನ್ ಮಾಡ್ಬಿಡಿ" ಎಂದಳು.

"ಯಾಕೆ?"

"ಯಾಕೆ ಅಂದ್ರೆ? ನೀವು ಓದಿದೋರು, ಅದು ನಿಮಗಿಂತ ಜಾಸ್ತಿ ಓದಿರೋದು. ಇಬ್ಬರೂ ಒಂದೇ ಹೇಳ್ತಿದ್ದೀರಿ. ಇದರಲ್ಲಿ ನಂದೇನಿದೆ?"

"ಕೈ ನಿಮ್ಮದಿದೆ" ಎಂದ ಅವರು, ಆ ಎಂಬತ್ತೇಳು ಏನೆಂದು ಬಿಡಿಸಿ ಹೇಳಿದರು. ಅದು ನಡಿಗೆ ಕೆಡದೆ ಉಳಿಯುವ ಲೆಕ್ಕ; ಕತ್ತಿನ ಒತ್ತಡ ಬೆನ್ನುಹುರಿಗೆ ತಗುಲಿದರೆ ಮುಂದೆ ಕಾಲೂ ಸೋಲಬಹುದಿತ್ತು. ಬೆರಳಿನ ಸ್ಪರ್ಶ ಮರಳುತ್ತದೋ ಇಲ್ಲವೋ ಎಂಬುದನ್ನು ಸಿಸ್ಟಮ್ ಎಣಿಸಿಯೇ ಇರಲಿಲ್ಲ; ಅವರಿಗೂ ಖಚಿತವಾಗಿ ಗೊತ್ತಿರಲಿಲ್ಲ. ತೋಳಿನ ಬಲ ಕುಂದುವ ಸಣ್ಣ ಅಪಾಯವೂ ಇತ್ತು. "ನಾಲ್ಕು ದಿನ ಯೋಚನೆ ಮಾಡಿ ಬನ್ನಿ. ನಿಮಗೆ ಏನು ಉಳೀಬೇಕು ಅಂತ ನೀವೇ ಹೇಳ್ಬೇಕು."

ದಾರಿಯುದ್ದಕ್ಕೂ ನಾನು ಅವರನ್ನು ಬೈದೆ. ಆ ನಾಲ್ಕು ದಿನ ಅಕ್ಕ ಕತ್ತರಿಸಿ ಉಳಿದ ಚೂರುಗಳನ್ನೆಲ್ಲ ಹರವಿಕೊಂಡು, ಕಣ್ಣು ಮುಚ್ಚಿ, ಬೆರಳು ಬೆರಳಿಗೂ ಬಟ್ಟೆ ಉಜ್ಜಿ ಏನು ಹೋಗಿದೆ, ಏನು ಉಳಿದಿದೆ ಎಂದು ನೋಡಿಕೊಂಡಳು. ಐದನೆಯ ದಿನ ಡಾಕ್ಟರ ಮುಂದೆ ಕೂತು ಹೇಳಿದಳು: "ಹೆಬ್ಬೆರಳು, ತೋರುಬೆರಳು ಹೋಗಿವೆ. ಮಿಕ್ಕ ಮೂರರಲ್ಲಿ ರೇಷ್ಮೆ ಯಾವುದು, ಹತ್ತಿ ಯಾವುದು ಅಂತ ಇನ್ನೂ ತಿಳಿಯುತ್ತೆ. ಹೋಗಿದ್ದು ಬರದಿದ್ರೂ ಸರಿ, ಈ ಮೂರು ಹೋಗೋದು ಬೇಡ. ಅದಕ್ಕೆ ಮಾಡಿ." ಅವರು ಅಷ್ಟನ್ನೂ ಅಕ್ಷರ ಬಿಡದೆ ಬರೆದುಕೊಂಡು, ಅವಳಿಗೆ ಓದಿ ಹೇಳಿ, ಆಮೇಲೆ ‘ಒಪ್ಪಿದೆ’ ಗುಂಡಿ ಒತ್ತಿದರು.

ಆಪರೇಷನ್ ಆಗಿ ಒಂದು ವರ್ಷ ಕಳೆದಿದೆ. ಮೂರು ಬೆರಳು ಉಳಿದವು. ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶ ಮರಳಲಿಲ್ಲ. ಅಕ್ಕ ನಡುಬೆರಳಿನಲ್ಲಿ ಬಟ್ಟೆ ಉಜ್ಜಿ ನೋಡುವುದನ್ನು ಹೊಸದಾಗಿ ಕಲಿತಿದ್ದಾಳೆ, ಕೆಲಸ ಅರ್ಧಕ್ಕಿಳಿದಿದೆ. ಮೊನ್ನೆ ನಾನು ಸಿಟ್ಟು ತಡೆಯಲಾರದೆ ಯಂತ್ರಕ್ಕೂ ಡಾಕ್ಟರಿಗೂ ಸೇರಿಸಿ ಶಾಪ ಹಾಕುತ್ತಿದ್ದೆ. ಅಕ್ಕ ಮಿಷನ್ ನಿಲ್ಲಿಸಿದಳು. "ಸುಮ್ನಿರು. ಬೇಜಾರು ನನಗಿಲ್ವಾ? ಆದ್ರೆ ಬೈಯೋದಿದ್ರೆ ನನ್ನ ಬೈ. ಹೇಳಿದ್ದು ನಾನು ತಾನೆ?" ಆ ಮಾತಿನಲ್ಲಿ ಅಳುವಿರಲಿಲ್ಲ, ಮನೆಯ ಯಜಮಾನಿಯ ಗತ್ತಿತ್ತು.

ತಿಳಿದವರ ಮುಂದೆ ಒಪ್ಪಿ ತಲೆಯಾಡಿಸುವುದು ನಮಗೆ ಮೊದಲಿನಿಂದಲೂ ರೂಢಿ. ಈಗ ತಿಳಿದ ಯಂತ್ರಗಳೂ ಬಂದು ಕೂತಿವೆ, ವೈದ್ಯರೂ ನಮ್ಮ ಜೊತೆ ಸಾಲಿನಲ್ಲಿ ನಿಂತು ತಲೆಯಾಡಿಸುತ್ತಾರೆ. ಹಾಗೆ ಆಡಿಸಿದ ಮೇಲೆ ಒಳ್ಳೆಯದಾದರೆ ಅದು ಅವರ ಜಾಣತನ, ಕೆಟ್ಟದ್ದಾದರೆ ನಮ್ಮ ಹಣೆಬರಹ, ಎರಡರಲ್ಲೂ ನಾವಿರುವುದಿಲ್ಲ. ನಮ್ಮ ತಲೆಯನ್ನು ಅರ್ಧದಲ್ಲೇ ಹಿಡಿದು ನಿಲ್ಲಿಸುವ ಇಂಥ ಹಟಮಾರಿಗಳ ಮೇಲೆ ಆ ಹೊತ್ತಿಗೆ ಬರುವುದು ಸಿಟ್ಟೇ. ಅವರಿಂದ ಎಲ್ಲರಿಗೂ ವಾಸಿಯಾಗುತ್ತದೆಂದು ನಾನು ಹೇಳಲಾರೆ. ಆದರೆ ಅವರ ಕೋಣೆಯಿಂದ ಹೊರಬಂದವರು ತಮಗಾದ ನಷ್ಟವನ್ನೂ ‘ಇದು ನನ್ನದು’ ಎಂದು ಹೇಳಬಲ್ಲರು.