ಹೆಣದ ಪಾತ್ರ

"ಅಲ್ಲೇ ನಿಲ್ಸು," ಎಂದಳು ಅಮ್ಮ.

ಮಗಳ ನಗು ಇನ್ನೂ ಮುಗಿದಿರಲಿಲ್ಲ. ದಿಂಬಿನಡಿಯಿಂದ ರಿಮೋಟು ಹುಡುಕಿ ಗುಂಡಿ ಒತ್ತುವಷ್ಟರಲ್ಲಿ ಟೀವಿಯಲ್ಲಿದ್ದ ಗೋಪುರ ಹೋಗಿ, ಅಂಟಿಸಿದ ಮೀಸೆಯ ಪತ್ತೇದಾರ ತನ್ನ ಮಾತು ಕೇಳದ ಕುದುರೆಯಿಂದ ಇಳಿಯಲು ಒದ್ದಾಡುತ್ತಿದ್ದ.

"ಹಿಂದಕ್ಕೆ ಹೋಗು. ಆ ಬೀಳೋದನ್ನ ಇನ್ನೊಂದ್ಸಲ ಹಾಕು."

"ಓಹೋ, ನಿಂಗೂ ಹಿಡೀತಾ ಈ ಹುಚ್ಚು? ಬಾ, ಕೂತ್ಕೋ. ಇಡೀ ಪಿಕ್ಚರಿಗೆ ಇದೇ ಜೀವ. ಹುಲ್ಲಿನ ಗೊಂಬೆ ಎಸೆದು ಹೆಣ ಅಂತಾರೆ! ಮರದ ತುಂಡು ಬಿದ್ದ ಹಾಗೆ ದಬಕ್ ಅಂತ ಬೀಳುತ್ತೆ."

ಅಮ್ಮ ಕೂರಲಿಲ್ಲ. ಗುಂಡಿ ಹೊಲಿಯುತ್ತಿದ್ದ ಅಂಗಿಯನ್ನು ಹಾಗೇ ಕೈಯಲ್ಲಿ ಹಿಡಿದು, ಸೊಂಟ ಎಳೆದುಕೊಂಡು ಟೀವಿಯ ಹತ್ತಿರ ಬಂದು ನಿಂತಳು. ಕಪ್ಪು ಗೋಪುರ ಮತ್ತೆ ಬಂತು. ಅದರ ತುದಿಯಲ್ಲಿ ನಿಂತ ಖಳನಾಯಕ ಬಿಳಿ ನಿಲುವಂಗಿಯ ಹೆಣವೊಂದನ್ನು ಎತ್ತಿ ಕಟ್ಟೆಯಾಚೆ ನೂಕಿದ. ಮಸುಕಾದ ಬಿಳಿ ಗೆರೆಯೊಂದು ಮೇಲಿಂದ ಕೆಳಕ್ಕೆ ಇಳಿದು, ನೆಲ ಮುಟ್ಟುವ ಹೊತ್ತಿಗೆ ಯಾರೋ ಡ್ರಮ್ಮು ಬಡಿದರು.

"ಅದು ಗೊಂಬೆ ಅಲ್ಲ ಕಣೆ," ಎಂದಳು ಅಮ್ಮ. "ನಾನು."

ಮಗಳು ಮತ್ತೆ ನಕ್ಕಳು. ಅಮ್ಮ ನಗಲಿಲ್ಲ. ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ, ಟೀವಿಯ ಗಾಜನ್ನು ಬೆರಳಿಂದ ಮುಟ್ಟಿದಳು. "ಆ ನಿಲುವಂಗಿ ನಂಗೆ ದೊಗಳೆ ಆಗ್ತಿತ್ತು. ಬೆನ್ನಿಗೆ ಸಾಲಾಗಿ ಬಟ್ಟೆ ಕ್ಲಿಪ್ಪು ಹಾಕಿ ಬಿಗಿ ಮಾಡಿದ್ರು. ನೋಡಲ್ಲಿ, ತಿರುಗಿದಾಗ ಕಪ್ಪು ಚುಕ್ಕೆ ಚುಕ್ಕೆ ಕಾಣುತ್ತಲ್ಲ, ಅದೇ."

"ಸೊಂಟ ಮುರಿದಿದ್ದು ಮೆಟ್ಟಿಲಿಂದ ಬಿದ್ದು ಅಂತಿದ್ದೆ ನೀನು?"

"ಮೆಟ್ಟಿಲು ಹತ್ಕೊಂಡೇ ಮೇಲೆ ಹೋಗಿದ್ದು. ಇಳಿಯೋವಾಗ ಮೆಟ್ಟಿಲು ಇರಲಿಲ್ಲ, ಅಷ್ಟೆ."

ಅಮ್ಮ ಹೇಳಿದ್ದು ಕಡಿಮೆ, ಅದೂ ತುಂಡು ತುಂಡಾಗಿ. ಮದುವೆಗೆ ಮುಂಚೆ ಸಿನಿಮಾದವರ ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೆ ಹೋಗುತ್ತಿದ್ದಳು. ಸಂತೆಯ ಗುಂಪು, ಅಳುವವರ ಗುಂಪು, ಓಡುವವರ ಗುಂಪು. ಒಂದು ದಿನ ನಿರ್ದೇಶಕ ಬೆರಳು ತೋರಿಸಿ ಅವಳೊಬ್ಬಳನ್ನೇ ಕರೆದ. ಹೆಣದ ಪಾತ್ರ. ಗೋಪುರ ಅಂದರೆ ಕಪ್ಪು ಬಣ್ಣ ಬಳಿದ ನೀರಿನ ಟ್ಯಾಂಕು. ಕೆಳಗೆ ಹುಲ್ಲು ಹರವಿ, ಮೇಲೆ ಹಾಸಿಗೆ ಹಾಕಿದ್ದರು.

"ಹಾಸಿಗೆ ಕ್ಯಾಮೆರಾಗೆ ಕಾಣುತ್ತೆ ಅಂತ ಆಚೆ ಎಳೆದ್ರು. ನಾನು ಮೇಲಿಂದ ನೋಡ್ತಾನೇ ಇದ್ದೀನಿ, ಅವರು ಎಳೀತಾನೇ ಇದ್ದಾರೆ. ಆ ಸಾರ್ ಕೆಳಗಿಂದ ಕೂಗಿದ್ರು, ನೀನು ಸತ್ತಿದ್ದೀಯ, ನೆನಪಿರಲಿ, ಸತ್ತವರು ಕೈ ಊರಲ್ಲ ಅಂತ."

"ಆಮೇಲೆ?"

"ಆಮೇಲೆ ಏನು? ಆಸ್ಪತ್ರೆ. ಅಲ್ಲಿಗೇ ಬಂದಿದ್ರು ಸಾರ್. ನೀನು ಕೈ ಎತ್ತಿಬಿಟ್ಟೆ, ಶಾಟ್ ಹಾಳಾಯ್ತು, ಈಗ ಗೊಂಬೆ ಇಟ್ಟು ತೆಗೀಬೇಕು, ನಿನ್ನ ತಪ್ಪಿಗೆ ಕಂಪನಿ ಏನು ಮಾಡಕ್ಕಾಗುತ್ತೆ ಅಂದ್ರು." ಅಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಗೊಂಬೆ ಇಟ್ಟೇ ತೆಗೆದಿರ್ತಾರೆ ಅಂತ ನೋಡಕ್ಕೂ ಹೋಗಲಿಲ್ಲ. ಈಗ ನೋಡಿದ್ರೆ ಇಲ್ಲಿ ನಾನೇ ಬೀಳ್ತಿದ್ದೀನಿ."

"ನೀನು ಕೈ ಎತ್ತಿಲ್ಲಮ್ಮ! ಎತ್ತಿದ್ರೆ ನಾವೆಲ್ಲ ಯಾಕೆ ಗೊಂಬೆ ಅಂತಿದ್ವಿ?"

"ನನ್ನ ಸಮಾಧಾನಕ್ಕೆ ಹೇಳ್ತೀಯ. ಬೀಳೋ ಹೊತ್ತಲ್ಲಿ ಏನು ಮಾಡಿದೆ ಅಂತ ನಂಗೇ ಗೊತ್ತಿಲ್ಲ." ಗಾಜಿನ ಮೇಲೆ ಉಗುರು ಕೆರೆಯಿತು. "ಇದರಲ್ಲಿ ಕೈಯೇ ಕಾಣಲ್ವಲ್ಲೇ."

ಕಾಣುವುದು ಹೇಗೆ? ಟೇಪಿನಿಂದ ಟೇಪಿಗೆ, ಅದರಿಂದ ಇನ್ನೊಂದಕ್ಕೆ ಇಳಿಸಿ ಇಳಿಸಿ ಚಿತ್ರವೆಲ್ಲ ಹೊಗೆಯಾಗಿತ್ತು. ಅವತ್ತು ಮಗಳು ಆ ಹೊಗೆಯನ್ನು ಎಷ್ಟು ಸಲ ನಿಲ್ಲಿಸಿ, ಎಷ್ಟು ಸಲ ಓಡಿಸಿದಳೋ. ಬಿಳಿಯೊಳಗೆ ಬಿಳಿ ಕಲಸಿ ಹೋಗುತ್ತಿತ್ತು.

ಮಗಳು 'ನಾವೆಲ್ಲ' ಎಂದದ್ದು ಡಬ್ಬಾ ಬಳಗವನ್ನು. ಅದು ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಸೇರುವ ಗುಂಪು. ಯಾರೂ ನೋಡದೆ ಡಬ್ಬಾ ಸೇರಿದ ಹಳೇ ಪಿಕ್ಚರುಗಳೇ ಅವರಿಗೆ ಬೇಕು. ಮೊಸಳೆಯ ಹೊಟ್ಟೆಯಲ್ಲಿ ಜಿಪ್ಪು ಕಾಣಬೇಕು, ಪಿಶಾಚಿಯ ಮಣಿಕಟ್ಟಿನಲ್ಲಿ ಗಡಿಯಾರ ಇರಬೇಕು, ಆಗ ಹಬ್ಬ. ಗುಂಪನ್ನು ಕಟ್ಟಿದವನು ಮಿಕ್ಸಿ ರಿಪೇರಿ ಮಾಡುವ ಅಂಗಡಿಯವನು. ಎಲ್ಲರಿಗೂ ಡಬ್ಬಾ ಮಾಮ. 'ಕಪ್ಪು ಗೋಪುರದ ಕೊಲೆಗಾರ'ನನ್ನು ಗುಜರಿಯಿಂದ ಎತ್ತಿ ತಂದವನೂ ಅವನೇ. ಗೊಂಬೆ ಬೀಳುವಾಗ ಎಲ್ಲರೂ "ಗೊಂಬೇ!" ಎಂದು ಕೂಗಿ, ಹಳೇ ಕಾಲುಚೀಲಕ್ಕೆ ಚಿಂದಿ ತುಂಬಿ ಮಾಡಿದ ಗೊಂಬೆಗಳನ್ನು ಪರದೆಯತ್ತ ಎಸೆಯುವುದು ಅವರ ಪದ್ಧತಿ. ಗೊಂಬೆಗಳನ್ನು ಹೊಲಿದು ತರುತ್ತಿದ್ದವಳು ಈ ಮಗಳು. ಚಿಂದಿ ಅಮ್ಮನ ಬುಟ್ಟಿಯದು.

ಅಮ್ಮ ಹಾಗೆಂದ ದಿನದಿಂದ ಮಗಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಟ್ಟಿಸುವ ಹಲ್ಲು ಮಾಡುವ ಕೋಣೆಯಲ್ಲಿ ಅವಳ ಕೆಲಸ. ಮೇಣದ ದವಡೆಗೆ ಒಂದೊಂದೇ ಹಲ್ಲು ಕೂರಿಸಿ, ಮೇಲಿನದಕ್ಕೂ ಕೆಳಗಿನದಕ್ಕೂ ಕಚ್ಚು ಹೊಂದಿಸಬೇಕು. ಮೇಣ ಹೆಚ್ಚು ಕಾಯಿಸಿದಳು, ಕೋರೆಹಲ್ಲು ಅದಲುಬದಲು ಮಾಡಿದಳು. ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ ಯಜಮಾನ, "ಏನಮ್ಮ ಇದು? ಇದನ್ನ ಹಾಕ್ಕೊಂಡವನು ಊಟ ಮಾಡಲ್ಲ, ನಮ್ಮನ್ನ ಕಚ್ಚಕ್ಕೇ ಬರ್ತಾನೆ," ಎಂದ.

"ಕಚ್ಚಲಿ ಬಿಡಿ ಸಾರ್," ಎಂದು ಅವಳು ಏಪ್ರನ್ ಬಿಚ್ಚಿ, ಹೊತ್ತಿಗೆ ಮುಂಚೆಯೇ ಹೊರಟು ಮಿಕ್ಸಿ ಅಂಗಡಿಗೆ ಹೋದಳು.

ಡಬ್ಬಾ ಮಾಮ ಎಲ್ಲ ಕೇಳಿಸಿಕೊಂಡ. ಕೇಳುತ್ತಾ ಒಂದು ಮಿಕ್ಸಿಯ ಬ್ಲೇಡು ಬಿಚ್ಚಿ ಮತ್ತೆ ಅದನ್ನೇ ಹಾಕಿದ.

"ಪುಟ್ಟಿ, ಈ ಭಾನುವಾರ ಆ ನಿರ್ದೇಶಕರೇ ಬರ್ತಿದ್ದಾರೆ. ಅವರ ಹತ್ರ ಇದ್ದ ರೀಲಿಂದ ಹೊಸ ಪ್ರತಿ ಮಾಡಿಸಿದ್ದೀವಿ. ಕನ್ನಡಿ ಇದ್ದ ಹಾಗಿದೆ. ಆ ಹುಲ್ಲಿನ ಗೊಂಬೆ ಕಥೆ ಅವರೇ ನಂಗೆ ಫೋನಲ್ಲಿ ಹೇಳಿದ್ದು. ಈಗ ನೀನು ಬಂದು ಅದು ನಮ್ಮಮ್ಮ ಅಂದ್ರೆ?"

"ನಮ್ಮಮ್ಮನೇ."

"ಅದೇ ಬಟ್ಟೆ ಗೊಂಬೆಗೂ ಹಾಕಿರಬಹುದಲ್ವಾ? ಸಾಕ್ಷಿ ಏನಿದೆ?"

"ಅವಳ ಸೊಂಟ ಇದೆ. ತರ್ಲಾ?"

ಡಬ್ಬಾ ಮಾಮ ಸ್ಕ್ರೂ ಡ್ರೈವರ್ ಕೆಳಗಿಟ್ಟ. ಕೆಟ್ಟವನಲ್ಲ. ಆದರೆ ವರ್ಷಗಟ್ಟಲೆ ನಕ್ಕ ನಗೆಯನ್ನು ವಾಪಸು ಕೊಡು ಎಂದರೆ ಯಾರಿಗಾದರೂ ಕಷ್ಟವೇ. "ಅಮ್ಮನ್ನ ಕರ್ಕೊಂಡು ಬಾ," ಎಂದ ಕೊನೆಗೆ. "ಮುಂದಿನ ಸಾಲಲ್ಲಿ ಕೂರಿಸ್ತೀನಿ. ಗಲಾಟೆ ಮಾತ್ರ ಬೇಡ, ನನ್ನ ತಾಯಿ."

ಅಮ್ಮನೂ ಅದನ್ನೇ ಹೇಳಿದಳು, ಬೇರೆ ಕಾರಣಕ್ಕೆ. "ನೀನು ಬಾಯಿ ಬಿಚ್ಚಕೂಡದು. ಕೇಳೋದಿದ್ರೆ ನಾನು ಕೇಳ್ತೀನಿ."

"ಅವನಿಗೆ ಮರ್ಯಾದೆ ಬೇರೆ ಕೊಡ್ಬೇಕಾ? ಎಲ್ಲರ ಮುಂದೆ ಎಳೆದು ಹಾಕ್ಬೇಕು ಅವನನ್ನ!"

"ನೀನು ಎಳೆದು ಹಾಕು, ಅವರು ಬಿದ್ದ ಜಾಗದಲ್ಲಿ ಜನ ಸೇರ್ತಾರೆ. ನಾನು ಪರದೆ ನೋಡೋದು ಯಾವಾಗ?" ಅಮ್ಮ ಅಂಗಿಯ ಕೊನೆಯ ಗುಂಡಿಯ ದಾರ ಕಡಿದಳು. "ನಂಗೆ ನನ್ನ ಕೈ ನೋಡ್ಬೇಕು. ಅಷ್ಟೆ."

ಭಾನುವಾರ ಇಡೀ ಹಾಲ್ ತುಂಬಿ, ಗೋಡೆಗೆ ಒರಗಿಯೂ ಜನ ನಿಂತಿದ್ದರು. ಕೆಳಗಿನ ಅಂಗಡಿಯ ರಬ್ಬರು ವಾಸನೆ ನೆಲದಿಂದ ಏಳುತ್ತಿತ್ತು. ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ಕಾಲುಚೀಲದ ಗೊಂಬೆ. ಪಕ್ಕದ ಕುರ್ಚಿಯ ಹುಡುಗಿ ಅಮ್ಮನಿಗೂ ಒಂದು ಕೊಟ್ಟು, "ನಾನು ಹೇಳ್ದಾಗ ಎಸೀರಿ ಆಂಟಿ, ಸಖತ್ತಾಗಿರುತ್ತೆ," ಎಂದಳು. ಅಮ್ಮ ಅದನ್ನು ತಿರುಗಿಸಿ ನೋಡಿ, "ಹೊಲಿಗೆ ಚೆನ್ನಾಗಿದೆ," ಎಂದಳು. ಮಗಳು ಕುರ್ಚಿಯ ತುದಿಗೆ ಜಾರಿ, ಹಿಂದಕ್ಕೆ ಸರಿದು, ಮತ್ತೆ ತುದಿಗೆ ಬಂದಳು.

ನಿರ್ದೇಶಕ ಬಿಳಿ ಬೂಟು, ಬಿಳಿ ಟೋಪಿಯಲ್ಲಿ ಪರದೆಯ ಪಕ್ಕದ ಸೋಫಾದಲ್ಲಿ ಕೂತಿದ್ದ. ಬಾಳಿನಲ್ಲಿ ಒಮ್ಮೆಯೂ ಸಿಗದ ಚಪ್ಪಾಳೆ, ತಾನು ಕೆಟ್ಟದಾಗಿ ಮಾಡಿದ್ದಕ್ಕೆ ಈಗ ಸಿಗುತ್ತಿತ್ತು. ಅದನ್ನು ಬೇಡವೆನ್ನುವಷ್ಟು ದಡ್ಡ ಅವನಲ್ಲ.

ಪಿಕ್ಚರು ಓಡಿತು. ಪತ್ತೇದಾರನಿಗೆ ಶಿಳ್ಳೆ, ಕುದುರೆಗೆ ಅದಕ್ಕಿಂತ ದೊಡ್ಡ ಶಿಳ್ಳೆ. ಗೋಪುರ ಬಂದ ಕೂಡಲೇ ಹಾಲೆಲ್ಲ ಎದ್ದು ನಿಂತಿತು. "ಗೊಂಬೇ!" ಮುಂದಿನ ಸಾಲಿನ ಮೇಲಿಂದ ಗೊಂಬೆಗಳು ಹಾರಿ ಪರದೆಗೆ ಬಡಿದವು. ಬಿಳಿ ನಿಲುವಂಗಿ ಬಿತ್ತು, ಡ್ರಮ್ಮು ಬಡಿಯಿತು, ನಗೆ ಚಾವಣಿ ಮುಟ್ಟಿತು. ಗೊಂಬೆ ಎಸೆಯಲು ಪರದೆಯ ಹತ್ತಿರಕ್ಕೆ ನುಗ್ಗಿದವರ ಬೆನ್ನುಗಳ ನಡುವೆ ಅಮ್ಮ ಕತ್ತು ಅತ್ತಿತ್ತ ಹೊರಳಿಸಿದಳು. ಅಷ್ಟರಲ್ಲಿ ಕುದುರೆ ಬಂದಿತ್ತು.

"ಕಾಣಲಿಲ್ಲ," ಎಂದಳು.

ಪಿಕ್ಚರು ಮುಗಿದ ಮೇಲೆ ನಿರ್ದೇಶಕನ ಕೈಗೆ ಮೈಕು ಬಂತು. ಎಲ್ಲರಿಗೂ ಬೇಕಿದ್ದುದು ಒಂದೇ ಕಥೆ. "ನಮ್ಮ ಹತ್ರ ಆಗ ಏನಿತ್ತು? ಹುಲ್ಲಿತ್ತು. ತುಂಬಿದ್ವಿ, ಎಸೆದ್ವಿ," ಎಂದು ಅವನು ಸ್ವಲ್ಪ ತಡೆದ. ನಗೆಗೆ ಎಲ್ಲಿ ಜಾಗ ಬಿಡಬೇಕೆಂದು ಗೊತ್ತಿದ್ದವನು. "ನಿಜ ಹೇಳ್ಲಾ? ನನ್ನ ಸಿನಿಮಾದಲ್ಲಿ ಊಟ ಕೇಳದೆ, ತಕರಾರು ತೆಗೀದೆ ಕೆಲಸ ಮಾಡಿದ ಕಲಾವಿದೆ ಅವಳೊಬ್ಬಳೇ!"

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಮಗಳು ಎದ್ದೇಬಿಟ್ಟಿದ್ದಳು. ಅಮ್ಮ ಅವಳ ಭುಜ ಒತ್ತಿ ಕೂರಿಸಿ, ಅದೇ ಭುಜದ ಆಸರೆಯಲ್ಲಿ ತಾನು ಎದ್ದಳು.

"ಸಾರ್, ಆ ಬೀಳೋದನ್ನ ಇನ್ನೊಂದ್ಸಲ ಹಾಕಿಸ್ತೀರಾ? ಮೆಲ್ಲಗೆ. ಎಲ್ಲರೂ ಕೂತ್ಕೊಂಡು."

"ಆಹಾ, ಅಮ್ಮನವರು ಅಭಿಮಾನಿ! ಹಾಕಪ್ಪ, ಹಾಕು."

ಡಬ್ಬಾ ಮಾಮ ಲ್ಯಾಪ್‌ಟಾಪಿಗೆ ಬಗ್ಗಿದ. ಗೋಪುರ ಬಂತು. ಈಗ ಸದ್ದಿರಲಿಲ್ಲ. ಬಿಳಿ ನಿಲುವಂಗಿ ಕಟ್ಟೆ ದಾಟಿ, ಗಾಳಿಯಲ್ಲಿ ನಿಂತಂತೆ ನಿಂತು, ಒಂದೊಂದೇ ಚಿತ್ರವಾಗಿ ಇಳಿಯತೊಡಗಿತು. ಬೆನ್ನಿನ ಕ್ಲಿಪ್ಪುಗಳು ಕಂಡವು. ಬಟ್ಟೆ ಮೇಲಕ್ಕೆ ಉಬ್ಬಿ ಪಾದಗಳು ಕಂಡವು. ಯಾರೋ ಅಭ್ಯಾಸಬಲದಿಂದ "ಗೊಂ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟರು.

ಕಾಲ್ಬೆರಳುಗಳು ಮುದುಡಿಕೊಂಡಿದ್ದವು. ತಣ್ಣನೆಯ ನೀರಿಗೆ ಇಳಿಯುವ ಮಗುವಿನ ಬೆರಳುಗಳ ಹಾಗೆ ಒಳಕ್ಕೆ, ಬಿಗಿಯಾಗಿ.

"ಸಾಕು, ಸಾಕು, ಕಣ್ಣು ನೋಯುತ್ತೆ," ಎಂದ ನಿರ್ದೇಶಕ. "ನಿಲ್ಸಪ್ಪ."

ಡಬ್ಬಾ ಮಾಮನ ಬೆರಳು ಗುಂಡಿಯ ಮೇಲೆ ಹೋಯಿತು. ಮಗಳು ಅಷ್ಟರಲ್ಲಿ ಅಲ್ಲಿಗೆ ಬಂದು, ಅವನ ಕೈ ಮೇಲೆ ತನ್ನ ಕೈ ಇಟ್ಟಿದ್ದಳು. ಒಣಗಿದ ಮೇಣ ಅವಳ ಉಗುರಲ್ಲಿತ್ತು. "ಮುಗೀಲಿ ಮಾಮ," ಎಂದಳು. ಬಾಯಿ ಬಿಚ್ಚಬಾರದೆಂಬ ಅಮ್ಮನ ಮಾತು ಅಷ್ಟರಮಟ್ಟಿಗೆ ಮುರಿಯಿತು. ಡಬ್ಬಾ ಮಾಮ ಪರದೆಯನ್ನು ನೋಡಿದ, ಅವಳನ್ನು ನೋಡಿದ, ಕೈ ಹಿಂದಕ್ಕೆ ತೆಗೆದುಕೊಂಡ.

ನಿಲುವಂಗಿ ಇಳಿಯಿತು. ತಲೆಕೂದಲು ಮುಖವನ್ನು ಬಿಟ್ಟು ಹಾರಿತು. ರೆಪ್ಪೆಗಳು ಮುಚ್ಚಿದ್ದ, ಇಪ್ಪತ್ತರ ಆಚೀಚಿನ ಒಂದು ಹೆಣ್ಣುಮುಖ. ಅಂಗೈಗಳೆರಡೂ ತೊಡೆಗೆ ಅಂಟಿದ್ದವು. ನೆಲ ಹತ್ತಿರ ಬಂತು. ಅಂಟಿಯೇ ಇದ್ದವು. ಹುಲ್ಲೂ ಮಣ್ಣೂ ಚಿಮ್ಮಿ ಚಿತ್ರವನ್ನು ಮುಚ್ಚುವವರೆಗೂ ಅಂಟಿಯೇ ಇದ್ದವು.

ಪಕ್ಕದ ಕುರ್ಚಿಯ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಎಲ್ಲರ ಕಣ್ಣಿಗೂ ಬಿದ್ದದ್ದು ಮುದುಡಿದ ಆ ಕಾಲ್ಬೆರಳುಗಳು. ಅಮ್ಮನಿಗೆ ಅವುಗಳ ಗೊಡವೆಯೇ ಇರಲಿಲ್ಲ.

"ನೋಡಿದ್ರಾ ಸಾರ್," ಎಂದಳು. ಸ್ವರ ಏರಲಿಲ್ಲ. "ನಾನು ಕೈ ಎತ್ತಿಲ್ಲ."

ನಿರ್ದೇಶಕ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಎರಡು ಸಲ ತೆಗೆದಿದ್ವಿ... ಒಂದರಲ್ಲಿ ಗೊಂಬೆ... ಆಗಿನ ಕಾಲ ನಿಮಗೆಲ್ಲ ಗೊತ್ತಾಗಲ್ಲ, ಎಲ್ಲರೂ ಹಾಗೇ..." ಮೈಕು ಅವನ ಮಾತನ್ನೆಲ್ಲ ನಿಷ್ಠೆಯಿಂದ ದೊಡ್ಡದು ಮಾಡಿ ಕೇಳಿಸಿತು.

"ಆಸ್ಪತ್ರೆಗೆ ಬಂದು ಹೇಳಿದ್ರಲ್ಲ, ಎತ್ತಿದೆ ಅಂತ. ಶಾಟ್ ಹಾಳು ಮಾಡಿದೆ ಅಂತ." ನಿರ್ದೇಶಕ ಮೈಕನ್ನು ಸೋಫಾದ ಮೇಲಿಟ್ಟ. ಅಮ್ಮ ತಲೆಯಾಡಿಸಿದಳು. "ಹಾಳಾಗಿರಲಿಲ್ಲ ಸಾರ್. ಚೆನ್ನಾಗೇ ಬಂದಿತ್ತು."

ಕೈಯಲ್ಲಿದ್ದ ಗೊಂಬೆಯನ್ನು ಕುರ್ಚಿಯ ಮೇಲಿಟ್ಟು, "ನಡಿ," ಎಂದಳು ಮಗಳಿಗೆ.

ಬಾಗಿಲು ಪರದೆಯ ಆಚೆ ಬದಿಗಿತ್ತು. ಹೋಗಬೇಕಾದರೆ ಪ್ರೊಜೆಕ್ಟರಿನ ಬೆಳಕನ್ನು ದಾಟಲೇಬೇಕು. ಯಾರಾದರೂ ಅಡ್ಡ ಬಂದರೆ "ತಲೆ ಬಗ್ಗಿಸ್ರೀ" ಎಂದು ಹಿಂದಿನಿಂದ ಕೂಗು ಬೀಳುವುದಿತ್ತು. ಅಮ್ಮ ತಲೆ ಬಗ್ಗಿಸಲಿಲ್ಲ. ಚಿತ್ರ ಮುಗಿದು ಬರೀ ಬೆಳ್ಳಗೆ ಉಳಿದಿದ್ದ ಬಟ್ಟೆಯ ಮೇಲೆ ಅವಳ ನೆರಳು ಎದ್ದು, ಒಂದು ಮಗ್ಗುಲಿಗೆ ವಾಲಿ, ನೆಟ್ಟಗಾಗಿ, ಮತ್ತೆ ವಾಲಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನಕ್ಕೆ ದಾಟಿತು.