ತೊಗಟೆಯ ಮೇಲಿನ ಬಿಳಿ

ಶನಿವಾರ ಬೆಳಿಗ್ಗೆ ಅಂಗಳದ ಗಿಡದ ಕಾಂಡಕ್ಕೆ ಬಿಳಿ ಹತ್ತಿದ್ದನ್ನು ಮೊದಲು ಕಂಡವಳು ಮುದ್ದಮ್ಮ. ಹೆಮ್ಮಿಗೆಯಲ್ಲಿ ಮೂವತ್ತು ವರ್ಷ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕಿದ ಹೆಂಗಸು. ಗಿಡದ ಮೇಲೆ ಹಿಟ್ಟು ಚೆಲ್ಲಿದಂತೆ ಕಂಡರೆ ಅದು ತುಕ್ರ ರೋಗ, ಬಿಟ್ಟರೆ ಗಿಡ ಮುರುಟಿಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೊಸೆ ಇಂದ್ರಾಣಿ ನರಸೀಪುರದ ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಗಿಡ ಉಳಿಸಿಬಿಡೋಣವೆಂದು ಮುದ್ದಮ್ಮ ಸೋಪಿನ ನೀರು ಕಲಸಿ, ಮಣೆ ಹಾಕಿಕೊಂಡು ಕೂತು, ತೆಂಗಿನ ನಾರಿನಿಂದ ಕಾಂಡವನ್ನು ಪಾತ್ರೆ ಬೆಳಗುವ ಹಾಗೆ ತಿಕ್ಕಿದಳು.

ಅದು ಜಬೋಟಿಕಾಬ, ಬ್ರೆಜಿಲ್ ದೇಶದ ಹಣ್ಣಿನ ಗಿಡ. ಇಂದ್ರಾಣಿಗೆ ಜೊತೆಯ ನರ್ಸೊಬ್ಬಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದ ಆರು ಬೀಜಗಳಲ್ಲಿ ನಾಲ್ಕು ಮೊಳೆತು, ಒಂದು ಉಳಿದಿತ್ತು. ಒಂಬತ್ತು ವರ್ಷವಾದರೂ ಹೂವಿಲ್ಲ. ಈಗ ಮುದ್ದಮ್ಮನ ಮಗ ನಾಗೇಂದ್ರ ಕಾರು ಬುಕ್ ಮಾಡಿದ್ದ. ಶೆಡ್ಡಿಗೆ ಅವನು ಗೊತ್ತು ಮಾಡಿದ್ದು ಆ ಗಿಡದ ಜಾಗವನ್ನೇ.

ಸೋಮವಾರ ಸಂಜೆ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ: "ಬುಧವಾರ ಸಿದ್ದು ಬತ್ತಾನೆ, ಶೆಡ್ ಅಳತೆ ತಗೊಳೋಕೆ. ಅಷ್ಟರೊಳಗೆ ಒಂದೇ ಒಂದು ಹೂ ತೋರ್ಸು, ಗಿಡ ಮುಟ್ಟಲ್ಲ."

"ಹೂ ಅಂದ್ರೆ ಕೊಂಬೆ ತುದೀಲಿ ಬರಲ್ಲ ಕಣ್ರೀ," ಎಂದಳು ಇಂದ್ರಾಣಿ ಸೋತ ದನಿಯಲ್ಲಿ. "ಹಲಸಿನ ಥರ ಕಾಂಡಕ್ಕೇ ಬಿಡುತ್ತೆ. ಬೆಳ್ಳಗೆ, ಹತ್ತಿ ಅಂಟಿಸ್ದಂಗೆ."

ಮುದ್ದಮ್ಮ ಮುರಿದ ಮುದ್ದೆಯನ್ನು ತಟ್ಟೆಗೇ ಹಾಕಿದಳು. ಗಿಡ ಹೂಬಿಟ್ಟದ್ದು ಈ ಮನೆಯಲ್ಲಿ ತನ್ನೊಬ್ಬಳಿಗೇ ಗೊತ್ತು. ಆ ಹೂವನ್ನು ಉಜ್ಜಿ ತೆಗೆದವಳೂ ತಾನೇ. ಹೇಳಬೇಕೆಂದು ಮಂಗಳವಾರ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಬೇರೇನೋ ಹೇಳಿದಳು.

ಬುಧವಾರ ಸಿದ್ದು ಬಂದ. ನಾಗೇಂದ್ರ ಮಚ್ಚು ತಂದು ಗೋಡೆಗೆ ಒರಗಿಸಿದ. ಇಂದ್ರಾಣಿ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಮುದ್ದಮ್ಮ ಗಿಡಕ್ಕೆ ಅಡ್ಡ ಹೋದಳು.

"ಕಡೀಬ್ಯಾಡ ಕಣ್ಲಾ. ಊ ಬಿಟ್ಟಿತ್ತು. ತುಕ್ರ ಅನ್ಕಂಡು ನಾನೇ ಉಜ್ಜಾಕ್ಬುಟ್ಟೆ."

ನಾಗೇಂದ್ರ ನಕ್ಕ. "ಅತ್ತೆ ಸೊಸೆ ಸೇರ್ಕಂಡು ಒಳ್ಳೆ ನಾಟ್ಕ ಕಟ್ಟಿದ್ದೀರಿ ಕಣವ್ವ!"

"ನನ್ನ ಆಣೆಗೂ ನಿಜ ಕಣೋ!"

ಇಂದ್ರಾಣಿ ನಗಲಿಲ್ಲ, ಬಯ್ಯಲೂ ಇಲ್ಲ. ಮೆಟ್ಟಿಲಿಳಿದು ಬಂದು, "ಎಲ್ಲೀವರೆಗೂ ಉಜ್ಜುದ್ರಿ ಅತ್ತೆ?" ಎಂದಳು.

"ಕೂತ್ಕಂಡು ಕೈ ಎಟುಕಿದಷ್ಟು ಕಣವ್ವ. ಈ ಮಂಡೀಲಿ ಎದ್ದು ನಿಂತ್ಕಂಡು ಉಜ್ಜಾಕಾಯ್ತದಾ?"

ಇಂದ್ರಾಣಿ ಎಲೆ ಸರಿಸಿ ದಟ್ಟ ಕೊಂಬೆಗಳ ನಡುವೆ ತಲೆ ತೂರಿಸಿ, ಮೊಬೈಲಿನ ಟಾರ್ಚ್ ಹಾಕಿದಳು. ಆಮೇಲೆ ಒಳಗಿನಿಂದಲೇ ಕೂಗಿದಳು: "ರೀ, ಬನ್ನಿ ಇಲ್ಲಿ!"

ನಾಗೇಂದ್ರ ಬಗ್ಗಿ ನೋಡಿದ. ಒಳಗೊಂಬೆಗಳ ತೊಗಟೆಯ ಮೇಲೆ ಬಾಡಿದ ಬಿಳಿ ಎಳೆಗಳು, ಅವುಗಳ ಬುಡದಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಕಾಳುಗಳು. ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟ. ಹೊರಬಂದು ಮಚ್ಚನ್ನು ತಾನೇ ಒಳಗಿಟ್ಟು ಬಂದ.

"ಸದ್ಯ, ನಿಮ್ಮ ಮಂಡಿ ನೋವು ಗಿಡ ಉಳಿಸ್ತು ಕಣತ್ತೆ," ಎಂದಳು ಇಂದ್ರಾಣಿ.

"ಅಂಗಾದ್ರೆ ಶೆಡ್ ಎಲ್ಲಿಗೆ ಸಾ?" ಎಂದ ಸಿದ್ದು, ಟೇಪು ಹಿಡಿದು.

ನಾಗೇಂದ್ರ ತಲೆ ಕೆರೆದುಕೊಂಡ. ಮುದ್ದಮ್ಮ ಗೇಟಿನ ಪಕ್ಕದ ಬಟ್ಟೆ ಒಗೆಯುವ ಕಲ್ಲಿನತ್ತ ಕೈ ತೋರಿಸಿದಳು. "ಅದನ್ನ ಎತ್ತಿ ಮನೆ ಇಂದ್ಗಡೆ ಇತ್ತಲಿಗಾಕ್ರಪ್ಪ. ಮನೇಲಿ ಮಿಸಿನ್ ಬಂದು ಎರಡು ವರ್ಸಾಯ್ತು, ಕಲ್ಲು ಇರ್ಲಿ ಅಂತ ನಾನೇ ಅಟ ಇಡ್ಕಂಡಿದ್ದೆ."